ವರ್ನಾ ಎಣಿಸದೆ ಬಿಟ್ಟ ಅಗಲ

ಹಾಲೆಟ್ ಕಣಿವೆಯಲ್ಲಿ ಯಾರಾದರೂ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಕೊಂಬಿನ ವಿಷಯಕ್ಕೆ ಬಾಯಿ ತೆರೆದರೆ, ಹೇಳಿದ್ದರಲ್ಲಿ ಕಾಲುಪಾಲು ಕಳೆದು ಕೇಳಿಸಿಕೊಳ್ಳಬೇಕು. ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವ ಗಂಡಸರೂ ಕೊಂಬಿನ ಇಂಚುಗಳ ಮಟ್ಟಿಗೆ ದೇವರಿಗೆ ರಜೆ ಕೊಟ್ಟುಬಿಡುತ್ತಾರೆ. ಹಾಗೆ ಕಳೆಯದೆ, ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುತ್ತಿದ್ದುದು ಒಬ್ಬಳ ಮಾತನ್ನು ಮಾತ್ರ. ಅವಳು ವರ್ನಾ ಟಾಲೆಫ್ಸನ್.

ವರ್ನಾಳಿಗೆ ಈಗ ಎಪ್ಪತ್ತೊಂದು. ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಕಣಿವೆಯ ಅರ್ಧ ಜನ ಅವಳ ಬಸ್ಸಿನಲ್ಲಿ ಬೆಳೆದವರು. ಈಗಲೂ ಅವಳು ಕನ್ನಡಿಯಲ್ಲಿ ನೋಡುವಂತೆ ಕಣ್ಣೆತ್ತಿ ನೋಡಿದರೆ ಐವತ್ತು ವರ್ಷದ ಗಂಡಸರು ಕಾಲು ಮಡಚಿ ನೆಟ್ಟಗೆ ಕೂರುತ್ತಾರೆ. ಬಸ್ಸಿನ ಸೀಟಿನ ಪಕ್ಕದಲ್ಲಿ, ಉಣ್ಣೆಯ ಟೋಪಿಯೊಳಗೆ ಸುತ್ತಿ ಅವಳ ಕ್ಯಾಮೆರಾ ಇರುತ್ತಿತ್ತು. ಮಕ್ಕಳು ಬಸ್ಸಿನಲ್ಲಿರುವಾಗ ಅದನ್ನು ಮುಟ್ಟುತ್ತಿರಲಿಲ್ಲ. ಅವರನ್ನು ಇಳಿಸಿ, ಖಾಲಿ ಬಸ್ಸಿನಲ್ಲಿ ಹೊಳೆಯ ದಾರಿ ಹಿಡಿದು ವಾಪಸು ಬರುವಾಗ ಮಾತ್ರ ನಿಲ್ಲಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ಎಲ್ಕುಗಳು ಬೆದೆಗೆ ಬಂದು ಹುಲ್ಲುಗಾವಲಿಗೆ ಇಳಿದಿರುತ್ತವೆ. ಹೋರಿಗಳು, ಅಂದರೆ ಗಂಡು ಎಲ್ಕುಗಳು, ಕತ್ತು ಚಾಚಿ ಕೂಗುವುದು ಹಳೆಯ ಗೇಟಿನ ಕೀಲು ಕಿರುಗುಟ್ಟಿದ ಹಾಗೆ ಕೇಳುತ್ತದೆ. ಬಸ್ಸಿನ ಕಿಟಕಿ ಇಳಿಸಿ, ಅದರ ಅಂಚಿನ ಮೇಲೆ ಲೆನ್ಸ್ ಊರಿ, ಉಸಿರು ಹಿಡಿದು ತೆಗೆದ ಫೋಟೋಗಳು ಅವಳ ಮನೆಯ ಏಳು ಪೆಟ್ಟಿಗೆಗಳಲ್ಲಿವೆ.

ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ವರ್ನಾಳ ಹೆಚ್ಚುಗಾರಿಕೆ ಅವಳ ಕಣ್ಣಿನದು. ಹೋರಿಯ ಕಿವಿ ಎಂಟೂವರೆ ಇಂಚು. ಅದೇ ಅವಳ ಅಳತೆಕೋಲು. ತಲೆ ಪಕ್ಕಕ್ಕೆ ತಿರುಗಿದಾಗ ನಾಲ್ಕನೆಯ ಕವಲು ಎಷ್ಟು ಕಿವಿ ಉದ್ದ, ಎದುರಿಗೆ ನಿಂತಾಗ ಎರಡು ಕೊಂಬಿನ ನಡುವೆ ಎಷ್ಟು ಕಿವಿ ಅಗಲ, ಬುಡ ಎಷ್ಟು ದಪ್ಪ ಎಂದು ನೋಡಿಕೊಂಡು, ಎಲ್ಲವನ್ನೂ ಕೂಡಿಸಿ ಒಂದು ಅಂಕಿ ಹೇಳುತ್ತಿದ್ದಳು. ಹಿಂದಿನಿಂದ ತೆಗೆದ ಫೋಟೋಗೆ ಅಂಕಿ ಹೇಳುತ್ತಿರಲಿಲ್ಲ. ಓಡಿಹೋಗುವ ಹೋರಿಯ ಕೊಂಬು, ತಪ್ಪಿಸಿಕೊಂಡ ಮೀನು, ಎರಡೂ ದೊಡ್ಡದಾಗಿಯೇ ಕಾಣುತ್ತವೆ ಎನ್ನುವುದು ಅವಳ ಮಾತು.

ಊರಿನ ಪದ್ಧತಿ ಹೀಗಿತ್ತು. ಪ್ರತಿ ವರ್ಷ ಸೆಪ್ಟೆಂಬರಿನ ಕೊನೆಯ ಶನಿವಾರ ವರ್ನಾ ಆ ವರ್ಷದ ಅತಿ ದೊಡ್ಡ ಹೋರಿಯ ಫೋಟೋವನ್ನು ರೋಬರ್ಟಾಳ ಹೋಟೆಲಿನ ಗೋಡೆಗೆ ಅಂಟಿಸಿ, ಕೆಳಗೊಂದು ಕಾರ್ಡಿನಲ್ಲಿ ಅಂಕಿ ಬರೆಯಬೇಕು. ಆ ಹೋರಿ ಬೇಟೆಗೆ ಬಿದ್ದರೆ ಚಳಿಗಾಲದಲ್ಲಿ, ಬದುಕುಳಿದು, ಎಲ್ಕುಗಳು ವರ್ಷಕ್ಕೊಮ್ಮೆ ಮಾಡುವ ಹಾಗೆ, ಕೊಂಬು ಉದುರಿಸಿದರೆ ವಸಂತದಲ್ಲಿ, ಕೊಂಬು ಆರಿನ್ ಕ್ಯಾಡ್ವೆಲ್‌ನ ಕೈಗೆ ಬರುತ್ತಿತ್ತು. ಆರಿನ್ ಉಕ್ಕಿನ ಟೇಪು ಹಿಡಿದು ಅಳೆಯುವನು. ವ್ಯತ್ಯಾಸ ಐದು ಇಂಚು ಮೀರಿದರೆ ವರ್ನಾ ಇಡೀ ಹೋಟೆಲಿಗೆ ಸಿಹಿ ಹೂರಣ ತುಂಬಿದ ಪೈ ಮಾಡಿ ತರಬೇಕು, ಮೀರದಿದ್ದರೆ ಆರಿನ್ ತರಬೇಕು. ಮೂವತ್ತು ವರ್ಷದಲ್ಲಿ ವರ್ನಾ ಪೈ ತಂದದ್ದು ನಾಲ್ಕೇ ಸಲ. ಆರಿನ್‌ಗೆ ನೀರು ಕಾಯಿಸುವುದು ಬಿಟ್ಟರೆ ಬೇರೆ ಅಡುಗೆ ಬಾರದು. ರೋಬರ್ಟಾಳ ಕೈಯಲ್ಲೇ ಪೈ ಮಾಡಿಸಿ ಅವಳದೇ ಮೇಜಿನ ಮೇಲೆ ತಂದಿಟ್ಟು, ದಾನಶೂರನ ಹಾಗೆ ಕೈ ಕಟ್ಟಿ ನಿಲ್ಲುತ್ತಿದ್ದ.

ಈ ಆರಿನ್ ಜಿಲ್ಲೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವನು. ಚಳಿಗಾಲದ ಬೆಳಗುಗಳಲ್ಲಿ ಮುಂದೆ ಅವನ ಗಾಡಿ, ಹಿಂದೆ ವರ್ನಾಳ ಬಸ್ಸು. ಅವನು ದಾರಿ ಬಿಡಿಸದಿದ್ದರೆ ಇವಳು ಹೊರಡುವಂತಿಲ್ಲ, ಇವಳು ಹೊರಡುವುದಿಲ್ಲ ಎಂದರೆ ಅವನು ಬೇಗ ಎದ್ದದ್ದೇ ದಂಡ. ಹಾಗೆ ಬೆಳೆದ ಸ್ನೇಹ ಅದು. ಆರಿನ್ ಮದುವೆಯಾದವನಲ್ಲ. ಅವನಿಗೆ ಆಸೆ ಎಂದು ಇದ್ದದ್ದು ಒಂದೇ: ಬದುಕಿನಲ್ಲಿ ಒಮ್ಮೆ, ನಮ್ಮ ಕಣಿವೆಯ ಮೇಲಿನ ಕಾಡಿನಲ್ಲಿ, ನಿಜವಾದ ದೊಡ್ಡ ಹೋರಿಯನ್ನು ಹೊಡೆಯಬೇಕು. ಆ ಕಾಡಿನಲ್ಲಿ ಒಂದೇ ಒಂದು ಹೋರಿ ಹೊಡೆಯುವ ಪರವಾನಗಿಯನ್ನು ಚೀಟಿ ಎತ್ತಿ ಕೊಡುತ್ತಾರೆ. ಅರ್ಜಿ ಹಾಕಿದ ನೂರರಲ್ಲಿ ಇಬ್ಬರಿಗೆ ಬಂದರೆ ಹೆಚ್ಚು. ಆರಿನ್ ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ್ದ. ಹೋದ ವರ್ಷ ಏಪ್ರಿಲಿನಲ್ಲಿ ಅವನ ಹೆಸರು ಬಂತು. ಆ ದಿನ ಅವನು ಹೋಟೆಲಿನಲ್ಲಿ ಕೂತು ಮೂರು ಲೋಟ ಕಾಫಿ ಕುಡಿದು, ಕಾಗದವನ್ನು ನಾಲ್ಕು ಸಲ ಬಿಚ್ಚಿ ಮಡಿಚಿ ಮನೆಗೆ ಹೋದನಂತೆ.

ವರ್ನಾ ಅವನಷ್ಟೇ ಸಂತೋಷಪಟ್ಟಳು. ಎಲ್ಕಿನ ಮಾಂಸ ತಿಂದೇ ಬೆಳೆದವಳು ಅವಳು. ಬೇಟೆ ಕೆಟ್ಟದ್ದು ಎನ್ನುವವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವ ಪೈಕಿ. ಆದರೆ ಆ ವರ್ಷದ ದೊಡ್ಡ ಹೋರಿ ಯಾವುದೆಂದು ಸೆಪ್ಟೆಂಬರಿನಲ್ಲಿ ಗೊತ್ತಾದಾಗ ಆ ಸಂತೋಷ ಅಲ್ಲಿಗೇ ನಿಂತಿತು. ಅದು ಮೊಂಡುಕಿವಿ.

ಹನ್ನೆರಡು ವರ್ಷದ ಹಿಂದಿನ ಚಳಿಗಾಲ ವರ್ನಾಳ ಗಂಡ ಹಾಲ್ವರ್ ತೀರಿಕೊಂಡಿದ್ದ. ತಾಯಿ ಕಳೆದುಕೊಂಡ ಒಂದು ಎಲ್ಕ್ ಕರು ಆ ಚಳಿಗಾಲವಿಡೀ ಅವಳ ಹಿತ್ತಿಲಿನ ಹುಲ್ಲಿನ ಮೆದೆಗೆ ಬರುತ್ತಿತ್ತು. ಚಳಿ ಕಚ್ಚಿ ಅದರ ಎರಡೂ ಕಿವಿಯ ತುದಿ ಕಪ್ಪಾಗಿ ಉದುರಿಹೋದವು. ಹುಲ್ಲು ಹಾಕಬಾರದು, ಕಾಡುಪ್ರಾಣಿಗೆ ಅದು ಒಳ್ಳೆಯದಲ್ಲ, ಕಾನೂನೂ ಒಪ್ಪುವುದಿಲ್ಲ, ವರ್ನಾ ಹಾಕಲಿಲ್ಲ. ಮೆದೆಯ ಬೇಲಿಯ ತಂತಿ ಒಂದು ಕಡೆ ಜೋಲು ಬಿದ್ದಿತ್ತು, ಅದನ್ನು ಬಿಗಿಯಲಿಲ್ಲ, ಅಷ್ಟೇ. ಗಂಡ ಹೋದಮೇಲೆ ಅವಳು ಮತ್ತೆ ಕ್ಯಾಮೆರಾ ಕೈಗೆತ್ತಿಕೊಂಡದ್ದು ಆ ಕರುವಿಗಾಗಿ. ಇಬ್ಬರೂ ಹೇಗೋ ಮಾರ್ಚ್ ತಿಂಗಳು ಮುಟ್ಟಿದರು. ಆಮೇಲೆ ಪ್ರತಿ ವರ್ಷ ಅವನ ಫೋಟೋ ತೆಗೆದಳು: ಎರಡು ಕಡ್ಡಿ ಕೊಂಬಿನ ಪೋರನಾಗಿ, ನಾಲ್ಕು ಕವಲಿನ ತುಂಟನಾಗಿ, ಕೊಂಬಿನ ತುದಿಯೂ ಸೇರಿ ಆರು ಕವಲಿನ ಯಜಮಾನನಾಗಿ. ಈಗ ಅವನು ಹೊಳೆಯಾಚೆಯ ಹುಲ್ಲಿನಲ್ಲಿ ಹದಿನೆಂಟು ಹೆಣ್ಣುಗಳನ್ನು ಕಟ್ಟಿಕೊಂಡು ನಿಂತಿದ್ದ. ಎದುರಿನಿಂದ ಒಂದು, ಪಕ್ಕದಿಂದ ಎರಡು ಫೋಟೋ ಸಿಕ್ಕವು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕೂಡಿಸಿದಳು. ಮುನ್ನೂರ ತೊಂಬತ್ನಾಲ್ಕು. ಮತ್ತೆ ಕೂಡಿಸಿದಳು. ಅಷ್ಟೇ ಬಂತು.

ಆ ಅಂಕಿ ಗೋಡೆ ಹತ್ತಿದರೆ ಮೊಂಡುಕಿವಿಯ ಆಯಸ್ಸು ಮುಗಿಯಿತು. ಚೀಟಿ ಇದ್ದವರೆಲ್ಲ ಆ ಹೊಳೆಯಾಚೆಗೇ ಹೋಗುತ್ತಾರೆ. ಅವರಲ್ಲಿ ಮೊದಲನೆಯವನು ಆರಿನ್. ಅಂಕಿ ಗೋಡೆ ಹತ್ತದಿದ್ದರೆ, ಹತ್ತೊಂಬತ್ತು ವರ್ಷ ಕಾದ ಗೆಳೆಯನಿಗೆ ಅವಳು ಮೋಸ ಮಾಡಿದ ಹಾಗೆ. ಎಲ್ಲರ ಹೋರಿಯೂ ಸಾಯಬಹುದು, ನನ್ನದು ಮಾತ್ರ ಬೇಡ ಎನ್ನುವುದು ಎಂಥ ನ್ಯಾಯ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಮನಸ್ಸು ಒಪ್ಪಲಿಲ್ಲ. ಹಾಗಂತ ಬಾಯಿಗೆ ಬಂದ ಸುಳ್ಳು ಅಂಕಿ ಬರೆಯಲು ಕೈಯೂ ಬರಲಿಲ್ಲ. ಕೊನೆಗೆ ಒಂದು ಕೆಲಸ ಮಾಡಿದಳು. ಕವಲುಗಳನ್ನೆಲ್ಲ ಸರಿಯಾಗಿ ಎಣಿಸಿದಳು, ಎರಡೂ ಕೊಂಬಿನ ಉದ್ದ ಸೇರಿಸಿದಳು, ದಪ್ಪ ಸೇರಿಸಿದಳು. ಎರಡು ಕೊಂಬಿನ ನಡುವಿನ ಅಗಲವನ್ನು ಮಾತ್ರ ಬಿಟ್ಟಳು. ಅದು ನಲವತ್ತೆರಡು ಇಂಚು. ಉಳಿದದ್ದು ಮುನ್ನೂರ ಐವತ್ತೆರಡು. ಅದನ್ನೇ ಕಾರ್ಡಿನ ಮೇಲೆ ಬರೆದಳು.

ಶನಿವಾರ ಹೋಟೆಲಿನಲ್ಲಿ ಫೋಟೋ ಕಂಡದ್ದೇ ತಡ, ಎಲ್ಲರೂ ತಟ್ಟೆ ಬಿಟ್ಟು ಎದ್ದರು. ಬೆರಳಿನಿಂದ ಕಿವಿ ಅಳೆದು ಕೊಂಬಿನ ಮೇಲೆ ಸರಿಸಿ ಸರಿಸಿ ನೋಡಿದರು. ನಾಲ್ಕನೆಯ ಕವಲು ಮೂರು ಕಿವಿ ಮೀರುತ್ತಿದೆ, ಇದು ನಾನೂರ ಇಪ್ಪತ್ತು ಕೂಡ ದಾಟೀತು ಎಂದು ಒಬ್ಬ ಬಾಯಿಬಿಟ್ಟ. ರೋಬರ್ಟಾ ಕಾರ್ಡು ಓದಿ ಕಾಫಿ ಕೆಟಲನ್ನು ಕೈಯಲ್ಲೇ ಹಿಡಿದು ನಿಂತಳು.

"ಮಿಸ್ ವರ್ನಾ, ಇದೇನು ನೀವು ಇಷ್ಟು ಕಮ್ಮಿ ಬರೆದಿದ್ದೀರಿ? ಕನ್ನಡಕ ಮನೇಲಿ ಬಿಟ್ಟು ಬಂದ್ರಾ?"

"ಕನ್ನಡಕ ಬೇಕಾಗಿರೋದು ನಿಮಗೆ," ಎಂದಳು ವರ್ನಾ. "ಆ ಕಿವಿ ನೋಡಿ. ತುದಿ ಎಲ್ಲಿದೆ? ಚಳಿ ತಿಂದ ಕಿವಿ ಅದು. ಮೊಂಡು ಕಿವೀಲಿ ಅಳೆದ್ರೆ ಮೇಕೆ ಕೊಂಬೂ ಮೂರು ಕಿವಿ ಬರುತ್ತೆ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವುದು ಇದಕ್ಕೇ ಎಂದು ಎಲ್ಲರೂ ನಕ್ಕು, ಆಸೆ ಬಿಟ್ಟು, ತಂತಮ್ಮ ತಟ್ಟೆಗೆ ಮರಳಿದರು. ಅವಳು ಹೇಳಿದ ಒಂದೊಂದು ಮಾತೂ ನಿಜ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಆರಿನ್ ಮಾತ್ರ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಕಾಗದದ ಕರವಸ್ತ್ರದ ಮೇಲೆ ಏನೋ ಗೀಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಬಂದು ಅವಳೆದುರು ಕೂತ.

"ಇದಕ್ಕೋಸ್ಕರ ಕಾಯಬಹುದಾ ವರ್ನಾ? ನನಗಿರೋದು ಒಂದೇ ಚೀಟಿ."

ವರ್ನಾ ಕಾಫಿಗೆ ಸಕ್ಕರೆ ಹಾಕಿದಳು. ಅವಳು ಸಕ್ಕರೆ ಹಾಕಿಕೊಳ್ಳುವವಳಲ್ಲ. "ಒಳ್ಳೇ ಹೋರಿ," ಎಂದಳು. "ಕಾಯೋಂಥದ್ದಲ್ಲ."

"ಸರಿ ಹಾಗಾದ್ರೆ," ಎಂದ ಆರಿನ್.

ಬೇಟೆಯ ಐದು ವಾರ ವರ್ನಾಳಿಗೆ ಊಟ ಸೇರಲಿಲ್ಲ. ಆರಿನ್ ಹನ್ನೊಂದನೆಯ ದಿನ ಪಕ್ಕದ ಕೊರಕಲಿನಲ್ಲಿ ಐದು ಕವಲಿನ ಸಾಧಾರಣ ಹೋರಿಯೊಂದನ್ನು ಹೊಡೆದ. ಗೋಡೆಗೆ ಏರುವಂಥದ್ದಲ್ಲ. ಬೆನ್ನಿನ ಮೆತ್ತನೆಯ ಮಾಂಸದಲ್ಲಿ ಅರ್ಧ ಕತ್ತರಿಸಿ, ಬಿಳಿ ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಮೊಂಡುಕಿವಿ ಕಣ್ಣಿಗೆ ಬಿತ್ತೇ ಎಂದು ವರ್ನಾ ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿ ಹವಾಮಾನದ ಮಾತು ತೆಗೆದ. ಆ ಮಾಂಸವನ್ನು ಅವಳು ಈರುಳ್ಳಿ ಹಾಕಿ ಹುರಿದು ತಿಂದಳು. ಎಳಸಾಗಿಯೇ ಇತ್ತು, ಆದರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ಚಳಿಗಾಲ ಆರಿನ್ ಎದುರು ಬಂದಾಗಲೆಲ್ಲ ವರ್ನಾ ಬೇಡದ್ದಕ್ಕೆಲ್ಲ ಅವನಿಗೆ ಉಪಚಾರ ಮಾಡಿದಳು. ಕೈಗವಸು ಹೆಣೆದುಕೊಟ್ಟಳು, ಒಂದಲ್ಲ, ಎರಡು ಜೊತೆ. ಇಸ್ಪೀಟಿನ ಆಟದಲ್ಲಿ ಬೇಕೆಂದೇ ಸೋತಳು. ಆರಿನ್ ಎಲ್ಲವನ್ನೂ ತಕರಾರಿಲ್ಲದೆ ತೆಗೆದುಕೊಂಡ. ಮೊಂಡುಕಿವಿ ಬದುಕಿದ್ದಾನೆಂದು ಜನವರಿಯಲ್ಲಿ ಕಂಡಾಗ ಅವಳಿಗೆ ಖುಷಿಯಾಯಿತು, ಆ ಖುಷಿಗೇ ನಾಚಿಕೆಯೂ ಆಯಿತು. ಹೇಳಿಬಿಡಬೇಕೆಂದು ಎರಡು ಸಲ ಅವನ ಮನೆಯ ತನಕ ಹೋಗಿ, ಮೊಟ್ಟೆ ಕೊಟ್ಟು ವಾಪಸು ಬಂದಳು.

ಮೇ ಹದಿನೈದರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಕುಗಳು ಚಳಿಗಾಲ ಕಳೆಯುವ ಗುಡ್ಡದ ಗೇಟು ತೆರೆಯುತ್ತದೆ. ಅಲ್ಲಿಯವರೆಗೆ ಅತ್ತ ಕಾಲಿಡುವಂತಿಲ್ಲ. ಉದುರಿದ ಕೊಂಬು ಹೆಕ್ಕಲು ಜನ ಕುದುರೆ, ನಾಯಿ, ಹೆಂಡತಿ ಸಮೇತ ಬಂದು ಮುಂಜಾನೆಯಿಂದ ಸಾಲುಗಟ್ಟುತ್ತಾರೆ. ವರ್ನಾಳ ಮಂಡಿ ಈಚೆಗೆ ಗುಡ್ಡ ಹತ್ತುವುದಿಲ್ಲ. ಅವಳು ಹಿತ್ತಿಲಿನಲ್ಲಿ ಪೈಗೆ ಹಾಕುವ ಹುಳಿ ರೂಬಾರ್ಬ್ ದಂಟು ಕೀಳುತ್ತಿದ್ದಳು. ಸಂಜೆ ಐದರ ಹೊತ್ತಿಗೆ ಆರಿನ್ ಗಾಡಿ ನಿಲ್ಲಿಸಿ, ಹಿಂದಿನಿಂದ ಎರಡು ಕೊಂಬು ಇಳಿಸಿ, ಎರಡು ಹೆಗಲಿಗೂ ಒಂದೊಂದು ಹೊತ್ತು ಬಂದ. ಹೋರಿ ಬೇಲಿ ಹಾರಿದ ಜಾಗದಲ್ಲಿ ಒಂದು, ಅಲ್ಲಿಂದ ಅರವತ್ತು ಹೆಜ್ಜೆಗೆ ಇನ್ನೊಂದು ಸಿಕ್ಕವಂತೆ. ಯಾರ ಕೊಂಬೆಂದು ವರ್ನಾ ಕೇಳಲಿಲ್ಲ. ಹನ್ನೊಂದು ವರ್ಷ ನೋಡಿದ ಕೊಂಬು. ಕತ್ತಲಲ್ಲಿ ಮುಟ್ಟಿದ್ದರೂ ಹೇಳುತ್ತಿದ್ದಳು.

ಆರಿನ್ ಅವುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು, ಟೇಪು ತೆಗೆದು, ಎಂದಿನಂತೆ ಅವಳ ಕೈಗೆ ಹಾಳೆ ಪೆನ್ಸಿಲು ಕೊಟ್ಟ. ಅವನು ಅಳೆಯುವುದು, ಇವಳು ಬರೆಯುವುದು. ಬಲಗೊಂಬಿನ ಉದ್ದ ಐವತ್ತಾರು. ಕವಲುಗಳು ಹದಿನೆಂಟು, ಹದಿನೆಂಟು, ಹದಿನೇಳು, ಇಪ್ಪತ್ತೆರಡು, ಹದಿನಾಲ್ಕು. ವರ್ನಾ ಒಂದೊಂದನ್ನೂ ಬರೆಯುವ ಮೊದಲೇ ಅದು ಎಷ್ಟು ಬರುತ್ತದೆಂದು ಬಲ್ಲಳು. ಎಡಗೊಂಬೂ ಮುಗಿಯಿತು, ದಪ್ಪಗಳೂ ಮುಗಿದವು. ಕೂಡಿಸು ಎಂದ ಆರಿನ್. ಅವಳು ಕೂಡಿಸಿದಳು. ಮುನ್ನೂರ ಐವತ್ತಮೂರು. ಒಂದೇ ಇಂಚಿನ ವ್ಯತ್ಯಾಸ.

ಹಾಳೆಯಲ್ಲಿ ಒಂದು ಸಾಲು ಖಾಲಿ ಇತ್ತು. ಉದುರಿದ ಕೊಂಬಿಗೆ ತಲೆ ಇರುವುದಿಲ್ಲ, ನಡುವಿನ ಅಗಲವನ್ನು ಅದರಿಂದ ಅಳೆಯಲಾಗುವುದಿಲ್ಲ. ಅದನ್ನು ಬದುಕಿದ್ದ ಹೋರಿಯನ್ನು ಎದುರಿನಿಂದ ನೋಡಿದವರೇ ಹೇಳಬೇಕು. ಆರಿನ್ ಟೇಪು ಸುತ್ತಿಟ್ಟು ಅವಳ ಮುಖ ನೋಡಿದ. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು, ಯಾರೂ ಏಳಲಿಲ್ಲ.

"ನಲವತ್ತೆರಡು," ಎಂದಳು ವರ್ನಾ. "ನನಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಬೇಕಂತಲೇ ಬಿಟ್ಟೆ. ನಿನ್ನ ಚೀಟಿ ಹಾಳು ಮಾಡಿದೆ ಆರಿನ್."

ಇಷ್ಟು ಹೇಳಿ ಅವಳು ಬೈಗುಳಕ್ಕೆ ಕಾದಳು. ಬೈದರೆ ಹಗುರಾಗುತ್ತಿತ್ತು. ಆರಿನ್ ಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ಮಡಿಚಿ ಮಡಿಚಿ ಹಳದಿಯಾದ ಹೋಟೆಲಿನ ಕರವಸ್ತ್ರವೊಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ. ಅದರ ಮೇಲೆ ಸೆಪ್ಟೆಂಬರಿನ ಶನಿವಾರ ಅವನು ಗೀಚಿದ ಅಂಕಿಗಳಿದ್ದವು. ಎಲ್ಲ ಕೂಡಿಸಿ ಮುನ್ನೂರ ತೊಂಬತ್ತಾರು. ಅದರ ಕೆಳಗೆ ಅವಳ ಮುನ್ನೂರ ಐವತ್ತೆರಡು. ಅದರ ಕೆಳಗೆ, ಎರಡು ಗೆರೆ ಎಳೆದು, ಅಗಲ ಎಂದು ಬರೆದಿತ್ತು.

"ಮೊದಲು ಮರೆತಿರಬೇಕು ಅಂದ್ಕೊಂಡೆ," ಎಂದ. "ವಯಸ್ಸಾಯ್ತಲ್ಲ ನಿನಗೆ. ಆಮೇಲೆ ನೀನು ಕಾಫಿಗೆ ಸಕ್ಕರೆ ಹಾಕಿದೆ. ಮೂವತ್ತು ವರ್ಷದಲ್ಲಿ ನಾಲ್ಕು ಸಲ ಬಿಟ್ರೆ ಐದು ಇಂಚು ತಪ್ಪದವಳು ನಲವತ್ತು ತಪ್ಪಿದ್ರೆ ಏನರ್ಥ? ಅವನನ್ನ ಬಿಟ್ಟುಬಿಡು ಅಂತಿದ್ದಾಳೆ ಅಂದ್ಕೊಂಡೆ."

ಮೂರನೆಯ ದಿನ ಬೆಳಿಗ್ಗೆ ಮೊಂಡುಕಿವಿ ಅವನಿಗೆ ಸಿಕ್ಕಿದ್ದ. ನೂರೈವತ್ತು ಗಜ, ಪಕ್ಕಕ್ಕೆ ತಿರುಗಿ, ಬೆಳಕು ಬೆನ್ನಿಗೆ. ಬಂದೂಕಿನ ದುರ್ಬೀನಿನಲ್ಲಿ ಮೊದಲು ಕೊಂಬು ಕಂಡಿತಂತೆ. ಆಮೇಲೆ ಕಿವಿ ಕಂಡಿತು. ಅವನು ಬಂದೂಕಿನ ಬೀಗ ಹಾಕಿ, ಕೂತು, ಥರ್ಮಾಸಿನ ಕಾಫಿ ಕುಡಿಯುತ್ತ ಹೋರಿ ಮರೆಯಾಗುವ ತನಕ ನೋಡಿದನಂತೆ. ಇದನ್ನೆಲ್ಲ ಅವನು ನೆಲ ನೋಡುತ್ತ ಹೇಳಿದ.

ವರ್ನಾಳಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ಗೊತ್ತಿದ್ದೂ ಚಳಿಗಾಲವಿಡೀ ತನ್ನನ್ನು ಬೇಯಲು ಬಿಟ್ಟನಲ್ಲ ಎಂದು ಕೇಳಿಯೇಬಿಟ್ಟಳು.

"ನಾನು ಹತ್ತೊಂಬತ್ತು ವರ್ಷ ಕಾದೆ, ನೀನೊಂದು ಏಳು ತಿಂಗಳು ಕಾಯಿ ಅಂತ," ಎಂದ ಆರಿನ್. "ಎರಡು ಜೊತೆ ಕೈಗವಸೂ ಬಂತಲ್ಲ." ಆಮೇಲೆ ನಗು ಬಿಟ್ಟು ಕೇಳಿದ: "ಬಾಯಿಬಿಟ್ಟು ಕೇಳಬಹುದಿತ್ತು ವರ್ನಾ. ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಇಲ್ಲ ಅಂತಿರಲಿಲ್ಲ," ಎಂದಳು ವರ್ನಾ. "ಅದಕ್ಕೇ ಕೇಳಲಿಲ್ಲ."

ಆರಿನ್ ಎದ್ದು ಕೆಟಲು ಇಳಿಸಿ, ತನಗೆ ಬರುವ ಒಂದೇ ಅಡುಗೆಯಾದ ಬಿಸಿನೀರಿಗೆ ಕಾಫಿ ಪುಡಿ ಹಾಕಿ ಅವಳ ಮುಂದಿಟ್ಟ. ಮೊಂಡುಕಿವಿಗೆ ಇನ್ನು ಹನ್ನೆರಡು ತುಂಬುತ್ತದೆ, ಮುದಿ ಹೋರಿ, ಈ ವರ್ಷದಿಂದ ಕೊಂಬು ಇಳಿಮುಖ ಎಂದು ಇಬ್ಬರೂ ಒಪ್ಪಿದರು. ಈ ಸೆಪ್ಟೆಂಬರಿಗೆ ಅವನು ಅಗಲ ಸೇರಿಸಿಯೂ ಮುನ್ನೂರ ಐವತ್ತೆರಡಕ್ಕೆ ಬರುತ್ತಾನೆ, ನೀನು ಒಂದು ವರ್ಷ ಮುಂಚೆ ಬರೆದೆ ಅಷ್ಟೇ ಎಂದು ಆರಿನ್ ಸಮಾಧಾನ ಮಾಡಿದ.

ಸಮಾಧಾನ ಸರಿ, ಪದ್ಧತಿ ಪದ್ಧತಿಯೇ. ಶನಿವಾರ ವರ್ನಾ ಮೂರು ರೂಬಾರ್ಬ್ ಪೈ ಮಾಡಿ ಹೋಟೆಲಿಗೆ ಹೊತ್ತು ತಂದಳು. ಗೋಡೆಯ ಹತ್ತಿರ ಹೋಗಿ, ಪೆನ್ಸಿಲು ತೆಗೆದು, ಕಾರ್ಡಿನ ಮೇಲೆ ಮುನ್ನೂರ ಐವತ್ತೆರಡರ ಕೆಳಗೆ "ಅಗಲ ಸೇರಿಸಿಲ್ಲ" ಎಂದು ಬರೆದಳು. ಓದಿದವರು ಲೆಕ್ಕ ಹಾಕಿದರು. ಆ ಹೊಳೆಯಾಚೆಗೆ ಹೋಗದೆ ಬೇರೆಡೆ ಅಲೆದು ಬರಿಗೈಲಿ ಬಂದ ಇಬ್ಬರು ಚೀಟಿಯವರು ಆರಿನ್‌ನ ಮುಖ ನೋಡಿದರು. ಅವನು ಸಿಟ್ಟಾಗದ ಮೇಲೆ ತಮಗೇನು ಹಕ್ಕು ಎಂದು ಅವರೂ ಪೈಗೆ ಸಾಲು ನಿಂತರು. ರೋಬರ್ಟಾ ತಟ್ಟೆ ಹಂಚಿದಳು.

"ಮಿಸ್ ವರ್ನಾ, ಮುಂದಿನ ಸಲ ನಿಮ್ಮ ಅಂಕೀಗೂ ಕಾಲುಪಾಲು ಕಳೀಬೇಕಾ, ಕೂಡಬೇಕಾ?" ಎಂದು ಒಬ್ಬ ಹಿಂದಿನ ಮೇಜಿನಿಂದ ಕೇಳಿದ.

ವರ್ನಾ ಬಸ್ಸಿನ ಕನ್ನಡಿಯಲ್ಲಿ ನೋಡುವ ಹಾಗೆ ಕಣ್ಣೆತ್ತಿ ನೋಡಿದಳು. ಅವನು ಕಾಲು ಮಡಚಿಕೊಂಡ. ಪಕ್ಕದಲ್ಲಿ ಆರಿನ್ ಎರಡನೆಯ ತುಂಡಿಗೆ ತಟ್ಟೆ ಚಾಚಿದ್ದ. ವರ್ನಾ ಅವನಿಗೆ ಎರಡು ತುಂಡಿನಷ್ಟು ಅಗಲ ಕತ್ತರಿಸಿ ಹಾಕಿದಳು.